ಮನ್ನಾ ಆಗದ ಸಾಲ

2015ರ ಜುಲೈ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಆಫೀಸಿನ ನಾಲ್ಕನೇ ಮಹಡಿಯಲ್ಲಿ ರಿಲೀಸ್ ಕಾಲ್ ನಡೀತಿತ್ತು. ನನ್ನ ಫೋನು ಸೈಲೆಂಟ್ ಆಗಿ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಮುಗಿಸಿ ತಿರುಗಿಸಿ ನೋಡಿದರೆ ಚಿಕ್ಕಪ್ಪನಿಂದ ಮೂರು ಮಿಸ್ಡ್ ಕಾಲ್. ಯಾತಕ್ಕೆ ಅಂತ ಗೊತ್ತಿತ್ತು. ಹಿಂದಿನ ಭಾನುವಾರವೇ ನಲವತ್ತು ಸಾವಿರ ಕೇಳಿದ್ದರು. ನಾನು 'ನೋಡೋಣ ಚಿಕ್ಕಪ್ಪ' ಅಂದಿದ್ದೆ. ನಮ್ಮ ಕಡೆ 'ನೋಡೋಣ' ಅಂದರೆ ಇಲ್ಲ ಅಂತಲೇ ಅರ್ಥ. ಅಕೌಂಟಿನಲ್ಲಿ ದುಡ್ಡಿತ್ತು. ಆದರೆ ಮನಸ್ಸಿನಲ್ಲಿ ಒಂದು ಬುಲೆಟ್ ಬೈಕಿತ್ತು.

ವಾಪಸ್ ಕಾಲ್ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಅಪ್ಪನ ಫೋನ್ ಬಂತು. ಚಿಕ್ಕಪ್ಪ ಹೋಗಿಬಿಟ್ಟಿದ್ದರು. ಅವರಾಗಿಯೇ.

ಆ ಬೇಸಿಗೆ, ಮಳೆಗಾಲದಲ್ಲಿ ಪೇಪರ್ ಓದಿದವರಿಗೆ ನೆನಪಿರಬಹುದು. ಜೂನ್ ಕೊನೆಯಿಂದ ಶುರುವಾಗಿ, ಮಂಡ್ಯ ಜಿಲ್ಲೆಯ ಪುಟ ತೆರೆದರೆ ದಿನಕ್ಕೊಂದು ರೈತನ ಫೋಟೋ. ಪಾಸ್‌ಪೋರ್ಟ್ ಸೈಜಿನದು, ಯಾವುದೋ ಸೊಸೈಟಿ ಅರ್ಜಿಗೆ ತೆಗೆಸಿದ್ದು. ಅದರಲ್ಲಿ ಒಂದು ನಮ್ಮನೇದು.

ಇದನ್ನ ಕರುಣೆ ಬರಲಿ ಅಂತ ಬರೀತಿಲ್ಲ. ಎರಡು ವರ್ಷ ಆದ ಮೇಲೆ ನಾನು ಖಿನ್ನತೆಗೆ ಬಿದ್ದು, ಅದರಿಂದ ಏಳುವಾಗ ಕೈಗೆ ಸಿಕ್ಕಿದ್ದು ನಮ್ಮ ಜಿಲ್ಲೆಯ ಸಾಲದ ಚರಿತ್ರೆ. 'ಕ್ಷಮೆ' ಅಂತ ನಾವು ಹಗುರವಾಗಿ ಆಡೋ ಮಾತು ಆ ಚರಿತ್ರೆಯಲ್ಲಿ ಎಲ್ಲೆಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕ್ತಾ ಹೋದೆ. ಅದನ್ನು ಬರೀತಿದ್ದೀನಿ.

*

ಮೊದಲು ನೀರಿನಿಂದ ಶುರು ಮಾಡ್ತೀನಿ. ಮಂಡ್ಯ ಅಂದ ತಕ್ಷಣ ನಿಮಗೆ ಹಸಿರು ಕಬ್ಬಿನ ಗದ್ದೆ ಕಣ್ಮುಂದೆ ಬರುತ್ತೆ ಅಲ್ವಾ? ನಮ್ಮ ಮುತ್ತಾತನ ಕಾಲಕ್ಕೆ ಇದರಲ್ಲಿ ಬಹುಪಾಲು ಖುಷ್ಕಿ. ಮಳೆ ನಂಬಿಕೊಂಡು ರಾಗಿ, ಹುರುಳಿ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಅದರ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರಿದದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದ ಮೊದಲಲ್ಲಿ. ಆಗ ಅದಕ್ಕೆ ವೈಸ್‌ರಾಯ್ ಹೆಸರಲ್ಲಿ ಇರ್ವಿನ್ ನಾಲೆ ಅಂತಿದ್ದರು. ಈಗ ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ. ನೀರಿನ ಹಿಂದೆಯೇ ಮಲೇರಿಯಾ ಬಂತು, ಅದರ ಜೊತೆಗೇ ಕಬ್ಬೂ ಬಂತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರ ಜುಲೈ 1ಕ್ಕೆ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯೇ ಆಯಿತು. 'ಸಕ್ಕರೆ ನಾಡು' ಅನ್ನೋ ಹೆಸರಿಗೆ ಇನ್ನೂ ನೂರು ವರ್ಷವೂ ಆಗಿಲ್ಲ.

ರಾಗಿ ಬೆಳೆಯೋನಿಗೆ ಸಾಲ ಇರಲಿಲ್ಲ ಅಂತಲ್ಲ. ಬರಗಾಲದಲ್ಲಿ ಎಲ್ಲರೂ ಸಾಹುಕಾರರ ಬಾಗಿಲಿಗೆ ಹೋದವರೇ. ಆದರೆ ರಾಗಿ ನಾಲ್ಕು ತಿಂಗಳಿಗೆ ಮನೆ ಸೇರುತ್ತೆ, ಏನಿಲ್ಲದಿದ್ದರೂ ಮುದ್ದೆಯಾಗುತ್ತೆ. ಕಬ್ಬಿಗೆ ಹನ್ನೆರಡು ಹದಿನಾಲ್ಕು ತಿಂಗಳು ಕಾಯಬೇಕು, ಮತ್ತೆ ಅದನ್ನ ಉಣ್ಣೋಕಾಗಲ್ಲ. ಬಿತ್ತನೆ, ಗೊಬ್ಬರ, ಕಟಾವು, ಗಾಡಿ ಬಾಡಿಗೆ ಎಲ್ಲಕ್ಕೂ ಮೊದಲೇ ದುಡ್ಡು ಸುರೀಬೇಕು. ಕಡಿದ ಮೇಲೆ ದುಡ್ಡು ಕಾರ್ಖಾನೆಯಿಂದ ಬರಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. ನಮ್ಮೂರಲ್ಲಿ ಆ ಹದಿನಾಲ್ಕು ದಿನ ಹದಿನಾಲ್ಕು ತಿಂಗಳಾದದ್ದೂ ಉಂಟು.

ಚಿಕ್ಕಪ್ಪನ ಲೆಕ್ಕ ಹೇಳ್ತೀನಿ, ನೀವು ಎಕ್ಸೆಲ್ ಶೀಟ್ ಓದೋ ಜನ, ಬೇಗ ಅರ್ಥವಾಗುತ್ತೆ. ನಾಲೆಯ ಕೊನೆ ಭಾಗದಲ್ಲಿ ಒಂದೂವರೆ ಎಕರೆ. ಒಳ್ಳೆ ವರ್ಷ ಅರವತ್ತು ಟನ್. 2014-15ರಲ್ಲಿ ಕೇಂದ್ರ ಸರ್ಕಾರದ ನ್ಯಾಯಸಮ್ಮತ ಬೆಲೆ ಟನ್ನಿಗೆ 2,200 ರೂಪಾಯಿ. ಅಂದರೆ ಎಲ್ಲ ಸರಿಯಾಗಿ ಬಂದರೂ 1,32,000. ಅದರಲ್ಲಿ ಖರ್ಚು ಕಳೀಬೇಕು, ಉಳಿದಿದ್ದರಲ್ಲಿ ವರ್ಷ ಪೂರ್ತಿ ನಾಲ್ಕು ಜನ ಬದುಕಬೇಕು. ಆ ವರ್ಷ ಸಕ್ಕರೆ ಬೆಲೆ ನೆಲ ಕಚ್ಚಿತ್ತು. ಅವರು ಕಬ್ಬು ಕೊಟ್ಟಿದ್ದ ಕಾರ್ಖಾನೆಯಿಂದ ಅರ್ಧ ದುಡ್ಡೂ ಬಂದಿರಲಿಲ್ಲ. ಇತ್ತ ಕೊರೆಸಿದ ಬೋರಿಗೆ, ಅಜ್ಜಿ ಆಸ್ಪತ್ರೆಗೆ ಅಂತ ಮಾಡಿದ್ದ ಕೈಸಾಲ ಎರಡು ಲಕ್ಷ. ಮೂರು ರೂಪಾಯಿ ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರು, ಅಂದರೆ ವರ್ಷಕ್ಕೆ ಬಡ್ಡಿಯೇ 72,000. ಬ್ಯಾಂಕಿನವರು ಇಂಥದ್ದಕ್ಕೆ ಏನೇನೋ ಹೆಸರಿಡುತ್ತಾರೆ. ನಮ್ಮೂರಲ್ಲಿ ಇದಕ್ಕೆ 'ಮುಳುಗೋದು' ಅಂತಾರೆ.

*

ಈಗ ಮನ್ನಾದ ಚರಿತ್ರೆ.

ಸಾಲದಿಂದ ರೈತನನ್ನು ಬಿಡಿಸೋಕೆ ಸರ್ಕಾರಗಳು ಪ್ರಯತ್ನ ಪಟ್ಟಿದ್ದು ನಿನ್ನೆ ಮೊನ್ನೆಯಲ್ಲ. ಮೈಸೂರು ಸಂಸ್ಥಾನ 1928ರಲ್ಲೇ ಬೇಸಾಯಗಾರರ ಪರಿಹಾರ ಕಾಯ್ದೆ ತಂದಿತ್ತು. 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ಮಾಡಿ, ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ಬಡವರು ಖಾಸಗಿಯವರ ಹತ್ತಿರ ಮಾಡಿದ್ದ ಸಾಲವನ್ನೇ ಅಳಿಸಿಹಾಕಿತು. 2008ರ ಫೆಬ್ರವರಿಯಲ್ಲಿ ಚಿದಂಬರಂ ಬಜೆಟ್‌ನಲ್ಲಿ ದೇಶಕ್ಕೆಲ್ಲ ಸುಮಾರು 60,000 ಕೋಟಿಯ ಮನ್ನಾ. 2017ರ ಜೂನ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರ ಸಂಘಗಳ 50,000ದವರೆಗಿನ ಸಾಲ ಮನ್ನಾ ಮಾಡಿತು, ಮೊತ್ತ 8,165 ಕೋಟಿ. ಮರುವರ್ಷ ಜುಲೈನಲ್ಲಿ ಕುಮಾರಸ್ವಾಮಿ ಬಜೆಟ್ ಓದಿ, ಎರಡು ಲಕ್ಷದವರೆಗಿನ ಬೆಳೆ ಸಾಲಕ್ಕೆ 34,000 ಕೋಟಿ ಅಂದರು.

1976ರ ಕಾಯ್ದೆಯ ಬಗ್ಗೆ ನಮ್ಮನೇಲಿ ಒಂದು ಕಥೆ ಇದೆ. ತಾತ ಅಜ್ಜಿಯ ಕಾಸಿನ ಸರ ಗಿರವಿ ಇಟ್ಟಿದ್ದರಂತೆ. ಕಾಯ್ದೆ ಬಂದ ಮೇಲೆ ಸರ ವಾಪಸ್ ಬಂತು, ಸಾಲ ಹೋಯಿತು. ಆದರೆ ತಾತ ಮುಂದಿನ ಮೂರು ವರ್ಷ ಆಲೆಮನೆ ಬೆಲ್ಲ ಮಾರಿದಾಗಲೆಲ್ಲ ಸಾಹುಕಾರರ ಮನೆ ಹಿತ್ತಿಲ ಬಾಗಿಲಿಗೆ ಹೋಗಿ ಅಸಲು ಕೊಟ್ಟು ಬಂದರಂತೆ. ಅಜ್ಜಿ ಬೈದರೆ, 'ಗೌರ್ಮೆಂಟು ಮನ್ನಾ ಮಾಡೈತೆ, ನಾನ್ ಮಾಡಿಲ್ವಲ್ಲ' ಅಂದರಂತೆ. ಮನೆಯಲ್ಲಿ ಇದನ್ನ ಬಹಳ ಹೆಮ್ಮೆಯಿಂದ ಹೇಳ್ತಿದ್ದರು. ಚಿಕ್ಕಪ್ಪ ಅಂತೂ ಹತ್ತು ಸಲ ಹೇಳಿದ್ದರು. ಈಗ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಸಾಲ ಅಂದರೆ ಮಾನ, ತೀರಿಸದಿದ್ದರೆ ಮುಖ ಇಲ್ಲ ಅನ್ನೋದನ್ನ ನಾವು ಮಕ್ಕಳಿಗೆ ಕಥೆ ಮಾಡಿ ಉಣಿಸಿದ್ದೀವಿ. ಆ ಮಾನ ತಾತನನ್ನು ನಡೆಸಿತು. ತಾತನ ಮಗನಿಗೆ ಅದೇ ಹೊರೆಯಾಯಿತು. ಯಾಕಂದರೆ ತಾತನ ಸಾಲ ಮೂರು ವರ್ಷದ ಬೆಲ್ಲದಲ್ಲಿ ತೀರೋವಂಥದ್ದು. ಚಿಕ್ಕಪ್ಪನ ಸಾಲಕ್ಕೆ ಮೂವತ್ತು ವರ್ಷದ ಬೆಲ್ಲವೂ ಸಾಲ್ತಿರಲಿಲ್ಲ.

ಮನ್ನಾಕ್ಕೆ ಇನ್ನೊಂದು ಮಿತಿ ಇದೆ. ಅದು ಪುಸ್ತಕದಲ್ಲಿ ಬರೆದಿಟ್ಟ ಸಾಲವನ್ನು ಮಾತ್ರ ನೋಡುತ್ತೆ. ಆತ್ಮಹತ್ಯೆಯಾದ ಮನೆಗೆ ಕೊಡೋ ಪರಿಹಾರವೂ ಹಾಗೆಯೇ. ಒಂದು ಸಮಿತಿ ಕೂತು 'ಅರ್ಹ', 'ಅನರ್ಹ' ಅಂತ ವಿಂಗಡಿಸುತ್ತೆ. ಸೊಸೈಟಿ ಸಾಲಕ್ಕೆ ಚೀಟಿ ಇತ್ತು, ಕೈಸಾಲಕ್ಕೆ ಏನಿತ್ತು? ಇನ್ನು ಇತ್ತೀಚೆಗೆ ಮೈಕ್ರೋಫೈನಾನ್ಸ್ ಬಂದ ಮೇಲೆ ಸಾಲ ಗಂಡಸಿನಿಂದ ಹೆಂಗಸಿನ ಹೆಗಲಿಗೆ ದಾಟಿತು. ವಾರದ ಕಂತು, ಕಟ್ಟದಿದ್ದರೆ ಮನೆ ಮುಂದೆ ಗುಂಪು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತರೋ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಆಗಬಾರದ್ದು ಆಗಿಹೋಗಿತ್ತು.

2017ರ ಜೂನ್ ಮನ್ನಾ ಘೋಷಣೆಯಾದ ದಿನ ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ಟಿವಿಯಲ್ಲಿ ಕೆಳಗೆ ಸಾಲು ಓಡ್ತಿತ್ತು. ಚಿಕ್ಕಪ್ಪನ ಸೊಸೈಟಿ ಸಾಲ, ಆಮೇಲೆ ಚಿಕ್ಕವ್ವನ ಹೆಸರಿಗೆ ಬದಲಾಗಿದ್ದು, 45,000. ಮನ್ನಾ ಆಯ್ತು. ಎರಡು ವರ್ಷ ತಡವಾಗಿ. ಪಕ್ಕದಲ್ಲಿದ್ದವನು 'ನಮ್ಮ ಟ್ಯಾಕ್ಸ್ ದುಡ್ಡು ಗುರು' ಅಂದ. ನಾನು ಏನೂ ಹೇಳಲಿಲ್ಲ. ತಟ್ಟೆ ಇಟ್ಟು ರೂಮಿಗೆ ಬಂದೆ. ಒಂದು ವಾರ ಆಚೆಗೆ ಬರಲಿಲ್ಲ.

*

ಖಿನ್ನತೆ ಅನ್ನೋದು ಪಠ್ಯಪುಸ್ತಕದ ಪದ. ನಮ್ಮ ಕಡೆ 'ಮಂಕು ಬಡಿದದೆ', 'ಮನ್ಸು ಸರಿಗಿಲ್ಲ' ಅಂತಾರೆ, ಆಮೇಲೆ ದೇವರ ಹತ್ತಿರ ತಾಯಿತ ಕಟ್ಟಿಸ್ತಾರೆ. ನನಗೆ ಅಳು ಬರ್ತಿರಲಿಲ್ಲ. ನಿದ್ದೆ ಬೆಳಗಿನ ಜಾವ ಮೂರಕ್ಕೇ ಮುಗೀತಿತ್ತು. ಸ್ನಾನ ಮಾಡೋದು ಬೆಟ್ಟ ಹತ್ತಿದಷ್ಟು ಕಷ್ಟ. ಕೋಡ್‌ನಲ್ಲಿ ಒಂದೇ ಸಾಲನ್ನು ಇಪ್ಪತ್ತು ಸಲ ಓದಿದರೂ ತಲೆಗೆ ಹೋಗ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಮೂರು ಮಿಸ್ಡ್ ಕಾಲ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ದಿನಾ ನೋಡ್ತಿದ್ದೆ, ಕೈಯಲ್ಲಿ ಗಾಯ ಕೆರೆದುಕೊಂಡ ಹಾಗೆ.

ರೂಮ್‌ಮೇಟ್ ಎಳಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ಅವರು ಮಾತ್ರೆ ಬರೆದರು, ಮಾತಾಡಿಸೋಕೆ ಇನ್ನೊಬ್ಬರ ಹತ್ತಿರ ಕಳಿಸಿದರು. ಆಯಮ್ಮ ಕೇಳಿದ್ದು ಒಂದೇ ಪ್ರಶ್ನೆ: ಯಾರ ಮೇಲೆ ಸಿಟ್ಟು? ನಾನು ಪಟ್ಟಿ ಕೊಟ್ಟೆ. ಕಾರ್ಖಾನೆ, ಬಡ್ಡಿಯವನು, ಸರ್ಕಾರ, ಸಾಲದ ವಿಷಯ ಮುಚ್ಚಿಟ್ಟ ಅಪ್ಪ, ಹೇಳದೆ ಹೋದ ಚಿಕ್ಕಪ್ಪ. 'ಆಮೇಲೆ?' ಅಂದರು. ಆಮೇಲಿನ ಹೆಸರು ಹೇಳೋಕೆ ನಾಲ್ಕು ವಾರ ಬೇಕಾಯ್ತು.

ಇಂಜಿನಿಯರ್ ಬುದ್ಧಿ, ಓದೋಕೆ ಶುರು ಮಾಡಿದೆ. ಕ್ಷಮೆಯನ್ನು ಮನೋವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡಿದ್ದು ತೀರಾ ಈಚೆಗೆ, 1980ರ ದಶಕದಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನ ರಾಬರ್ಟ್ ಎನ್‌ರೈಟ್ ಅದರಲ್ಲಿ ಮೊದಲಿಗರು. 1996ರಲ್ಲಿ ಅವರು ಮತ್ತು ಸುಝನ್ ಫ್ರೀಡ್‌ಮನ್, ಬಾಲ್ಯದಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 12 ಹೆಂಗಸರ ಜೊತೆ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಪ್ರಕಟವಾಯಿತು. ಕ್ಷಮೆಯ ದಾರಿಯಲ್ಲಿ ನಡೆದವರಲ್ಲಿ ಖಿನ್ನತೆ, ಆತಂಕ ಇಳಿದಿತ್ತು. ಈಚೆಗೆ, 2024ರಲ್ಲಿ, ಕೊಲಂಬಿಯಾ, ಹಾಂಗ್‌ಕಾಂಗ್, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ, ಉಕ್ರೇನ್‌ಗಳಲ್ಲಿ 4,598 ಜನರ ಮೇಲೆ ನಡೆದ ಅಧ್ಯಯನ ಬಂತು. ಕೆಲವೇ ಗಂಟೆ ಹಿಡಿಯೋ ಒಂದು ಅಭ್ಯಾಸ ಪುಸ್ತಕ ಮಾಡಿದವರಲ್ಲೂ ಆ ಲಕ್ಷಣಗಳು ಸ್ವಲ್ಪ ಕಡಿಮೆಯಾಗಿದ್ದವು.

ಆ ಪುಸ್ತಕದ ಹಿಂದಿರುವ ಎವರೆಟ್ ವರ್ಥಿಂಗ್ಟನ್ ಅನ್ನೋ ಪ್ರೊಫೆಸರ್ ಕಥೆ ನನ್ನನ್ನ ಹಿಡಿದುಕೊಂಡಿತು. ಕ್ಷಮೆಯ ಬಗ್ಗೆ ಸಂಶೋಧನೆ ಮಾಡ್ತಿದ್ದ ಕಾಲದಲ್ಲೇ, 1996ರ ಹೊಸ ವರ್ಷದ ಹೊತ್ತಿಗೆ, ಮನೆಗೆ ನುಗ್ಗಿದ ಕಳ್ಳ ಅವರ ತಾಯಿಯನ್ನು ಕೊಂದ. ಅವರು ಆ ಕೊಲೆಗಾರನನ್ನು ಕ್ಷಮಿಸಿದರು. ಆದರೆ ತಾಯಿಯ ದೇಹವನ್ನು ಮೊದಲು ನೋಡಿದ ತಮ್ಮ ಆ ಆಘಾತದಿಂದ ಚೇತರಿಸಿಕೊಳ್ಳಲೇ ಇಲ್ಲ, 2005ರಲ್ಲಿ ಜೀವ ಕಳೆದುಕೊಂಡ. 'ನಾನು ಮನೋವಿಜ್ಞಾನಿಯಾಗಿಯೂ ತಮ್ಮನಿಗೆ ನೆರವಾಗಲಿಲ್ಲ' ಅನ್ನೋ ತಪ್ಪಿತಸ್ಥ ಭಾವ ವರ್ಥಿಂಗ್ಟನ್‌ರನ್ನು ವರ್ಷಗಟ್ಟಲೆ ಕಾಡಿತು. ತಾಯಿಯನ್ನು ಕೊಂದವನಿಗಿಂತ ತನ್ನನ್ನು ಕ್ಷಮಿಸಿಕೊಳ್ಳೋದೇ ಅವರಿಗೆ ಕಷ್ಟವಾಯಿತು. ಅದರ ಬಗ್ಗೆಯೇ ಆಮೇಲೆ ಒಂದು ಪುಸ್ತಕ ಬರೆದರು. ಕ್ಷಮೆಯ ಪ್ರೊಫೆಸರ್‌ಗೇ ಈ ಪಾಡು ಅಂದರೆ ನಮ್ಮದೇನು ಅನ್ನಿಸಿ ಸ್ವಲ್ಪ ಸಮಾಧಾನ ಆಯ್ತು.

ಒಂದು ಎಚ್ಚರಿಕೆ. 'ಕ್ಷಮಿಸು, ಖಿನ್ನತೆ ಹೋಗುತ್ತೆ' ಅಂತ ವಾಟ್ಸಾಪ್‌ನಲ್ಲಿ ಬರೋ ಸೂರ್ಯೋದಯದ ಫೋಟೋ ನಂಬಬೇಡಿ. ಕ್ಷಮಿಸಿದವರ ಖಿನ್ನತೆ ಕಡಿಮೆಯಾಗುತ್ತೋ, ಖಿನ್ನತೆ ಕಡಿಮೆ ಇರೋರಿಗೆ ಕ್ಷಮಿಸೋದು ಸುಲಭವೋ, ಎರಡೂ ನಿಜ ಇರಬಹುದು. ನನ್ನ ಮಟ್ಟಿಗೆ, ಮಾತ್ರೆ ಆರು ವಾರ ಕೆಲಸ ಮಾಡಿದ ಮೇಲೆಯೇ ಕ್ಷಮೆಯ ಬಗ್ಗೆ ಯೋಚಿಸೋ ಶಕ್ತಿ ಬಂದಿದ್ದು. ಹೊಳೆಯಲ್ಲಿ ಮುಳುಗ್ತಿರೋನಿಗೆ ಈಜಿನ ಪಾಠ ಹೇಳೋಕಾಗಲ್ಲ. ಮೊದಲು ದಡಕ್ಕೆ ಎಳೀಬೇಕು.

*

ಇಂಗ್ಲಿಷ್‌ನಲ್ಲಿ ಇದೆಲ್ಲ ಓದ್ತಾ ಓದ್ತಾ, ನಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀವಿ ಅಂತ ಯೋಚನೆ ಬಂತು. ನಮ್ಮೂರಲ್ಲಿ ಯಾರೂ 'ಕ್ಷಮಿಸಿ' ಅನ್ನಲ್ಲ, ಅದು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟಿನ ಮಾತು. ನಮ್ಮಲ್ಲಿರೋದು ಬೇರೆ.

ಒಂದು, 'ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳಿ'. ಬೇರೆಯವರ ತಪ್ಪನ್ನು ನುಂಗಿ ಅರಗಿಸಿಕೊಳ್ಳೋದು. ದೊಡ್ಡ ಗುಣ. ಆದರೆ ಅರಗದೇ ಇದ್ದರೆ? ನಮ್ಮ ಮನೆಗಳಲ್ಲಿ ಹೆಂಗಸರು ಮೂರು ತಲೆಮಾರು ಹೊಟ್ಟೆಗೆ ಹಾಕ್ಕೊಂಡಿದ್ದು ಅರಗಿದೆಯಾ, ಸುಮ್ಮನೆ ಕೂತಿದೆಯಾ ಯಾರಿಗೆ ಗೊತ್ತು? ನುಂಗಿದ್ದಕ್ಕೆಲ್ಲ ಕ್ಷಮೆ ಅನ್ನೋಕಾಗಲ್ಲ.

ಎರಡು, 'ಓಗ್ಲಿ ಬುಡತ್ತಾಗೆ'. ಮಂಡ್ಯದ ರಾಷ್ಟ್ರಗೀತೆ. ಹೊಡೆದಾಟ ಮಾಡಿಕೊಂಡವರೂ ಎರಡು ದಿನಕ್ಕೆ ಹೀಗಂದು ಒಟ್ಟಿಗೆ ಬೀಡಿ ಹಚ್ತಾರೆ. ಇದರಲ್ಲಿ ಹಗುರ ಇದೆ. ಆದರೆ ಎಷ್ಟೋ ಸಲ ಬಿಟ್ಟವನು ನಿಜವಾಗಿ ಬಿಟ್ಟಿರಲ್ಲ, ಮಾತು ನಿಲ್ಲಿಸಿರ್ತಾನೆ ಅಷ್ಟೆ.

ಮೂರು, ತಪ್ಪುಕಾಣಿಕೆ. ದೇವರಿಗೋ ಊರಿಗೋ ತಪ್ಪೊಪ್ಪಿಕೊಂಡು ಏನಾದರೂ ಕೊಡೋದು. ಬರೀ ಬಾಯಿಮಾತಿಗೆ ತೂಕ ಇಲ್ಲ ಅಂತ ಹಿರಿಯರಿಗೆ ಗೊತ್ತಿತ್ತು. ಮಂಟೇಸ್ವಾಮಿ ಕಾವ್ಯ ಹಾಡೋ ನೀಲಗಾರರನ್ನ ಕೇಳಿದ್ದೀರಾ? ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡ್ತಾರೆ. ಚಿಕ್ಕಪ್ಪನಿಗೆ ಅದು ಅಂದರೆ ಪ್ರಾಣ. ಅದರಲ್ಲಿ ಬರೋ ಸಿದ್ದಪ್ಪಾಜಿ ನಮ್ಮ ಮದ್ದೂರು ತಾಲ್ಲೂಕಿನ ನಿಡಘಟ್ಟದ ಹುಡುಗ. ನಿಮಗೆ ಮೈಸೂರು ಎಕ್ಸ್‌ಪ್ರೆಸ್‌ವೇ ಬೋರ್ಡಿನಲ್ಲಿ ಕಾಣೋ ಅದೇ ನಿಡಘಟ್ಟ. ಗುರು ಅವನನ್ನ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಳಿಸ್ತಾನೆ, ಪಾಂಚಾಳರಿಂದ ಕಬ್ಬಿಣ ಭಿಕ್ಷೆ ತಾ ಅಂತ. ಅವರು ಅವಮಾನ ಮಾಡ್ತಾರೆ, ಪರೀಕ್ಷೆ ಮೇಲೆ ಪರೀಕ್ಷೆ ಒಡ್ಡುತ್ತಾರೆ, ಕೊನೆಗೆ ಸೋತು ಕಬ್ಬಿಣ ಕೊಡಬೇಕಾಗುತ್ತೆ. ಚಿಕ್ಕಂದಿನಲ್ಲಿ ನನಗೆ ಇದು ಪವಾಡದ ಕಥೆ. ಈಗ ಅನ್ನಿಸೋದು, ಅಲ್ಲಿ ಯಾರೂ ಬರೀ 'ಸಾರಿ' ಅಂದು ಮುಗಿಸೋಲ್ಲ. ಹೊತ್ತು ಕೊಡಬೇಕಾದ ಭಾರ ಒಂದಿರುತ್ತೆ.

ನಾಲ್ಕನೇದು 'ಮನ್ನಿಸು'. ಕೇಳೋಕೆ 'ಮನ್ನಾ'ದ ಅಣ್ಣನ ಹಾಗಿದೆ, ಆದರೆ ಸ್ವಭಾವ ಬೇರೆ. ನಿಘಂಟು ತೆಗೆದು ನೋಡಿ, 'ಮನ್ನಿಸು'ವಿಗೆ ಎರಡು ಅರ್ಥ: ಗೌರವಿಸು, ಕ್ಷಮಿಸು. 'ಮನ್ನಣೆ' ಬಂದಿದ್ದೂ ಅಲ್ಲಿಂದಲೇ. ಇದನ್ನ ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತೆ. ಮನ್ನಾ ಮಾಡಿದರೆ ಸಾಲ ಹೋಗುತ್ತೆ. ಮನ್ನಿಸಿದರೆ ಸಾಲಗಾರನ ಮಾನ ವಾಪಸ್ ಬರುತ್ತೆ. 2015ರಲ್ಲಿ ನಮ್ಮವರಿಗೆ ಎರಡೂ ಬೇಕಾಗಿತ್ತು. ಸರ್ಕಾರ ಕೊಡಬಹುದಾದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಮನೆಯವರು, ಊರಿನವರು, ನಾನು ಕೊಡಬೇಕಿತ್ತು. 'ಬಾ ಚಿಕ್ಕಪ್ಪ, ಕೂತು ಲೆಕ್ಕ ನೋಡೋಣ, ಇದು ನಿನ್ನೊಬ್ಬನ ತಪ್ಪಲ್ಲ' ಅಂತ ಒಂದು ಮಾತು.

*

2017ರ ಮಾರ್ನಮಿ ಅಮಾವಾಸ್ಯೆಗೆ ಊರಿಗೆ ಹೋದೆ. ಹಿರಿಯರಿಗೆ ಎಡೆ ಇಡೋ ಹಬ್ಬ. ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡೆ. ನಾನು ಕಾಲೇಜಿನಿಂದ ರಜಕ್ಕೆ ಬಂದಾಗಲೆಲ್ಲ ಚಿಕ್ಕಪ್ಪ ಸ್ಟೇಷನ್‌ಗೆ ಬೈಕ್ ತಂದು, ಮೊದಲು ವಡೆ ಕೊಡಿಸಿ ಆಮೇಲೆ ಹತ್ತಿಸಿಕೊಳ್ತಿದ್ದರು. ಎಡೆಯಲ್ಲಿ ಮುದ್ದೆ, ಸಾರು, ಒಂದು ಕಟ್ಟು ಬೀಡಿ. ನಾನು ವಡೆ ಇಟ್ಟೆ.

ಎಲ್ಲರೂ ಉಂಡು ಎದ್ದ ಮೇಲೆ ಚಿಕ್ಕವ್ವ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ನಲವತ್ತು ಸಾವಿರ ಕೇಳಿದ್ದು, ಇದ್ದೂ ಇಲ್ಲ ಅಂದಿದ್ದು, ಮೂರು ಸಲ ಫೋನ್ ಬಂದಿದ್ದು, ತೆಗೆಯದೇ ಇದ್ದದ್ದು. ಚಿಕ್ಕವ್ವ ಕೈ ನಿಲ್ಲಿಸಲಿಲ್ಲ.

'ನಂಗೊತ್ತು ಕಣ್ ಮಗ' ಅಂದರು. 'ಅವತ್ತೇ ಯೋಳಿದ್ರು. ಮಗ ಎತ್ಲಿಲ್ಲ, ಕೆಲ್ಸದಾಗವ್ನೆ ಅಂತ.'

ಎರಡು ವರ್ಷ ನಾನು ಗುಟ್ಟು ಅಂದುಕೊಂಡಿದ್ದು ಗುಟ್ಟೇ ಆಗಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಮುಂದುವರಿಸಿದರು. 'ನಾನೂ ಅವತ್ತು ಜಗಳ ಆಡಿದ್ದೆ. ಮಗಳ ಫೀಸಿಗೆ ಗತಿ ಇಲ್ಲ, ಯಾವ ಸೀಮೆ ಗಂಡಸು ಅಂದ್ಬುಟ್ಟೆ. ನಿಂದು ಮೂರು ಕಾಲು. ನಂದು ಆ ಒಂದು ಮಾತು. ನಿಮ್ಮಪ್ಪಂಗೆ ಭಾಗ ಮಾಡ್ಕೊಂಡಾಗಿನ ಗದ್ದೆ ವಿಸ್ಯ. ಎಲ್ರೂ ಒಂದೊಂದು ಮಡಿಕ್ಕಂಡು ಕುಂತಿದ್ದೀವಿ.'

ನಾನು ಏನೋ ಹೇಳೋಕೆ ಹೋದೆ. ತಡೆದರು. 'ತಪ್ಪಿಲ್ಲ ಅಂತ ನಾನ್ ಯೋಳಕಿಲ್ಲ. ಎತ್ತಬೇಕಾಗಿತ್ತು ಕಣ್ ಮಗ. ಆದ್ರೆ ಅದ್ಕೆ ನೀನೂ ಒಣಗೋಗಬೇಕಾ? ಎಂಗಾಗಿದ್ದೀಯ ನೋಡ್ಕ. ಎದ್ದು ಇನ್ನೊಂದು ಮುದ್ದೆ ಉಣ್ಣು.'

'ನಿನ್ನ ತಪ್ಪೇನಿಲ್ಲ' ಅಂತ ಎಷ್ಟೋ ಜನ ಹೇಳಿದ್ದರು, ಒಂದೂ ನಾಟಿರಲಿಲ್ಲ. ಯಾಕಂದರೆ ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಚಿಕ್ಕವ್ವ ತಪ್ಪನ್ನು ತಪ್ಪು ಅಂದರು. ಅಂದು ಅದರ ಅಳತೆ ಎಷ್ಟು ಅಂತಲೂ ಹೇಳಿದರು. ಫೋನ್ ಎತ್ತದೇ ಇದ್ದದ್ದು ನನ್ನದು. ಬಾಕಿ ಉಳಿಸಿಕೊಂಡ ಕಾರ್ಖಾನೆ, ಮೂರು ರೂಪಾಯಿ ಬಡ್ಡಿ, ಕೊನೆ ಭಾಗಕ್ಕೆ ಬಾರದ ನೀರು, ಚಿಕ್ಕಪ್ಪನ ಮನಸ್ಸಿಗೆ ಬಡಿದಿದ್ದ ಮಂಕು ನನ್ನದಲ್ಲ. ಅಲ್ಲಿಯವರೆಗೆ ಇಡೀ ಜಿಲ್ಲೆಯ ಸಾಲವನ್ನು ನನ್ನೊಬ್ಬನ ಖಾತೆಗೆ ಬರೆದುಕೊಂಡಿದ್ದೆ. ಅದೂ ಒಂದು ಥರ ಅಹಂಕಾರವೇ ಇರಬೇಕು.

ಕ್ಷಮಿಸೋದು ಅಂದರೆ ಲೆಕ್ಕ ಕೇಳೋದನ್ನ ಬಿಡೋದು ಅಂತಲೂ ಅಲ್ಲ. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ, ಅದನ್ನ ಕೇಳ್ತಲೇ ಇರಬೇಕು. ಮದ್ದೂರು ಹತ್ತಿರ ಹೆದ್ದಾರಿ ಪಕ್ಕದಲ್ಲಿ ಶಿವಪುರದ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ ಜಾಗ. ಕೇಳೋದು ಹೇಗೆ ಅಂತ ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಕಲೀಬೇಕಾಗಿರೋದು ಸಾಲದಲ್ಲಿರೋನ ಪಕ್ಕದಲ್ಲಿ ಕೂತ್ಕೊಳ್ಳೋದನ್ನ.

ಕಾನೂನು ಕೂಡ ಒಂದು ಹೆಜ್ಜೆ ಮುಂದೆ ಬಂದಿದೆ. ಮೊದಲು ಸಾಯೋಕೆ ಹೋಗಿ ಬದುಕಿದವನ ಮೇಲೆ ಕೇಸ್ ಹಾಕ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಅಂಥವನು ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಅವನಿಗೆ ಆರೈಕೆ ಕೊಡಬೇಕು ಅನ್ನುತ್ತೆ. ಅದು 'ಮನ್ನಿಸು'ವಿಗೆ ಹತ್ತಿರದ ಮಾತು ಅಂತ ನನಗನ್ನಿಸುತ್ತೆ.

ನಾನು ಹನ್ನೊಂದು ತಿಂಗಳು ಮಾತ್ರೆ ತಗೊಂಡೆ. ಬುಲೆಟ್ ತಗೊಳ್ಳಲಿಲ್ಲ. ಚಿಕ್ಕಪ್ಪನ ಮಗಳ ಓದಿನ ಖರ್ಚು ನಾನು ನೋಡಿಕೊಂಡೆ, ಕೈಸಾಲದವನ ಜೊತೆ ಅಪ್ಪನೂ ನಾನೂ ಕೂತು ಬಡ್ಡಿ ಬಿಡಿಸಿ ಅಸಲು ತೀರಿಸಿದೆವು. ಅದನ್ನ ನಾನು ನನ್ನ ತಪ್ಪುಕಾಣಿಕೆ ಅಂದುಕೊಂಡೆ. ಆ ಹುಡುಗಿ ಈಗ ಕೆಲಸಕ್ಕೆ ಸೇರಿದ್ದಾಳೆ. ಸ್ಕ್ರೀನ್‌ಶಾಟ್ ಫೋನಿನಲ್ಲಿ ಇನ್ನೂ ಇದೆ, ಆದರೆ ಅದನ್ನ ತೆಗೆದು ನೋಡಿ ತಿಂಗಳುಗಳೇ ಆಗಿವೆ. ಪೂರ್ತಿ ಮನ್ನಾ ಆಗಿಲ್ಲ. ಕಂತು ಕಟ್ಕೊಂಡು ಹೋಗ್ತಿದ್ದೀನಿ.

ಇದನ್ನು ಓದೋರಲ್ಲಿ ಯಾರಿಗಾದರೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ಊರಿಂದ ಯಾರದ್ದಾದರೂ ಫೋನ್ ಬಂದರೆ, ಮೀಟಿಂಗ್‌ನಲ್ಲಿದ್ದರೂ ಎತ್ತಿ. 'ಐದು ನಿಮಿಷ ಬಿಟ್ಟು ಮಾಡ್ತೀನಿ' ಅಂತ ಹೇಳಿ ಸಾಕು. ಐದು ನಿಮಿಷ ಬಿಟ್ಟು ಮಾಡಿ.